ಆಚೆ ದಡದ ಲೈನು

ನೆಟ್‌ವರ್ಕ್ ಕೆಲಸ ಕಲಿತರೆ ಮುಂದೆ ಏನು ಭವಿಷ್ಯವಿದೆ ಎಂದು ಕೇಳಿಕೊಂಡು ನಮ್ಮೂರಿನ ತಂದೆತಾಯಿಗಳು ಮಕ್ಕಳನ್ನು ನನ್ನ ಮನೆಗೆ ಕರೆತರುತ್ತಿದ್ದರು. ನಾನು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತ ಹೊತ್ತಿಗೇ ಸರಿಯಾಗಿ ಬರುತ್ತಿದ್ದರು. ಮಾರ್ಕ್ಸು ಎಷ್ಟು, ಗಣಿತ ಹೇಗೆ ಎಂದೆಲ್ಲ ನಾನು ಕೇಳುತ್ತಿರಲಿಲ್ಲ. ಆ ಹುಡುಗನನ್ನೋ ಹುಡುಗಿಯನ್ನೋ ಎದುರು ಕೂರಿಸಿಕೊಂಡು, "ನೀನು ಯಾರ ಜೊತೆಗಾದ್ರೂ ಮಾತು ಬಿಟ್ಟಿದ್ದೀಯಾ?" ಎನ್ನುತ್ತಿದ್ದೆ. ಹೌದು ಎಂದರೆ ಬ್ಯಾಂಕ್ ಪರೀಕ್ಷೆಗೆ ಓದಿಸಿ ಎಂದು ಕಳಿಸಿಬಿಡುತ್ತಿದ್ದೆ. ಇಲ್ಲ ಎಂದರೆ ಇನ್ನೂ ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದೆ. ಅವರು ನನ್ನ ಪ್ರಶ್ನೆಗೆ ಆಶ್ಚರ್ಯಪಡುತ್ತಿರಲಿಲ್ಲ, ನಮ್ಮೂರಿನವರಲ್ಲವೇ.

ನಮ್ಮೂರಿನಲ್ಲಿ ಎರಡು ಮನೆಗಳ ನಡುವೆ ಎಳೆದ ತಂತಿ ಆ ಎರಡು ಮನೆಯವರ ನಡುವೆ ಮಾತುಕತೆ ಇದ್ದರೆ ಮಾತ್ರ ಓಡುತ್ತದೆ. ಮಾತು ನಿಂತ ದಿನ ತಂತಿಯೂ ನಿಲ್ಲುತ್ತದೆ. ಇದು ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ನೀರು ಇಳಿಜಾರಿನ ಕಡೆ ಹರಿಯುವುದು ಯಾಕೆ ಎಂದು ಯಾರು ಕೇಳುತ್ತಾರೆ? ಊರು ದೊಡ್ಡದೊಂದು ಸರೋವರದ ಈಚೆ ದಡದಲ್ಲಿದೆ. ಆಚೆ ದಡ ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಕಾಣುವುದಿಲ್ಲ, ಆದರೆ ಪೇಪರು, ಔಷಧಿ, ಮದುವೆಯ ಗಂಡುಗಳು, ಎಲ್ಲವೂ ದೋಣಿಯಲ್ಲಿ ಅಲ್ಲಿಂದಲೇ ಬರುತ್ತವೆ. ಬೆಳಿಗ್ಗೆ ನೀರಿನಿಂದ ಎದ್ದ ಮಂಜು ಬೀದಿಗಳನ್ನು ಹತ್ತಿಕೊಂಡು ಬಂದು ಮನೆಗಳ ಸೊಂಟದವರೆಗೆ ನಿಲ್ಲುತ್ತದೆ. ಆಗ ಮಹಡಿಯಿಂದ ಮಹಡಿಗೆ ಹೋಗುವ ತಂತಿಗಳು ಮಾತ್ರ ಮೇಲೆ ಕಾಣುತ್ತವೆ, ಊರನ್ನೇ ಅವುಗಳಿಗೆ ತೂಗು ಹಾಕಿದ ಹಾಗೆ. ಎರಡು ಮನೆಯವರು ಕಿಟಕಿಯಿಂದ ಕಿಟಕಿಗೆ ಮಾತಿಗೆ ತೊಡಗಿದರೆ ಅವರ ನಡುವಿನ ತಂತಿ ಸಣ್ಣಗೆ ಗುಂಯ್‌ಗುಡುತ್ತದೆ, ಅದರ ಮೇಲಿನ ಇಬ್ಬನಿ ಹನಿ ಹನಿಯಾಗಿ ಬೀದಿಗೆ ಉದುರುತ್ತದೆ. ಆ ಹನಿ ಮೈಮೇಲೆ ಬಿದ್ದರೆ ಒಳ್ಳೆಯದೆಂದು ಮಕ್ಕಳನ್ನು ಅದರ ಕೆಳಗೆ ನಿಲ್ಲಿಸುವ ತಾಯಂದಿರಿದ್ದಾರೆ.

ಈ ಊರಿನ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ನಾನು, ಹೆಸರು ವಾರಿಜ. ನನಗೆ ಕೆಲಸ ಕಲಿಸಿದವರು ರುದ್ರಯ್ಯನವರು. ನನಗಿಂತ ಮುಂಚೆ ಅವರೇ ಈ ಕೆಲಸದಲ್ಲಿದ್ದರು. ಲೈನ್ ಹೋಗಿದೆ ಎಂದು ಯಾರಾದರೂ ಬಂದರೆ ಮೊದಲು ಏಣಿ ಮುಟ್ಟಬೇಡ, ಎರಡೂ ಮನೆಯ ಅಡುಗೆಮನೆ ಕಿಟಕಿ ನೋಡು ಎಂದು ಹೇಳಿಕೊಟ್ಟವರು ಅವರು. ಎದುರುಬದುರಿನ ಕಿಟಕಿ ಮುಚ್ಚಿದ್ದರೆ ತಂತಿಯನ್ನು ಪರೀಕ್ಷೆ ಮಾಡುವುದೇ ಬೇಡ. ಯಾರೋ ಉಪ್ಪಿನಕಾಯಿ ಕೊಟ್ಟ ಡಬ್ಬಿ ವಾಪಸ್ ಹೋಗಿಲ್ಲ, ಯಾರೋ ನಾಮಕರಣಕ್ಕೆ ಕರೆದಿಲ್ಲ, ಯಾರೋ ಕರೆದರೂ ಸರಿಯಾಗಿ ಕರೆದಿಲ್ಲ. ನನ್ನ ಚೀಲದಲ್ಲಿ ಇಕ್ಕಳ, ತಂತಿಯ ಸುರುಳಿ, ದೀಪ ಮಿನುಗುವ ಸಣ್ಣ ಯಂತ್ರದ ಜೊತೆಗೆ ಒಂದು ಡಬ್ಬಿ ಕೋಡುಬಳೆಯೂ ಇರುತ್ತಿತ್ತು. ಒಂದು ಮನೆಯಲ್ಲಿ ಕೂತು ಅರ್ಧ ತಿಂದು, ಉಳಿದರ್ಧವನ್ನು "ಅವರು ಕಳಿಸಿದ್ದಾರೆ" ಎಂದು ಎದುರು ಮನೆಗೆ ಕೊಟ್ಟರೆ ಎಷ್ಟೋ ಲೈನುಗಳು ಸರಿಹೋಗುತ್ತಿದ್ದವು. ಅಂಥ ಸುಳ್ಳಿಗೆ ಕಚೇರಿಯಿಂದ ಅನುಮತಿ ಇತ್ತೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಜನ ಹೊಂದಿಕೊಂಡಿದ್ದರೆ ಲೈನ್ ಚೆನ್ನಾಗಿರುತ್ತದೆ ಎಂದುಕೊಂಡಿದ್ದೆ. ರುದ್ರಯ್ಯನವರು ನನ್ನನ್ನು ಮೂರನೇ ಬೀದಿಗೆ ಕರೆದುಕೊಂಡು ಹೋದರು. ಅಲ್ಲಿ ಪುಟ್ಟಗೌರಮ್ಮ ಮತ್ತು ಕೆಂಚಪ್ಪ ಮೇಷ್ಟ್ರು ಎದುರುಬದುರು ಮನೆಯವರು. ಒಂದು ಬೆಕ್ಕಿಗಾಗಿ ಇಬ್ಬರಿಗೂ ವರ್ಷಗಳ ಜಗಳ. ಹಾಲು ಇವರ ಮನೆಯಲ್ಲಿ ಕುಡಿದು ಇಲಿ ಅವರ ಮನೆಯಲ್ಲಿ ಹಿಡಿಯುವ ಬೆಕ್ಕು ಯಾರದು ಎಂಬುದು ಪ್ರಶ್ನೆ. ಬೆಳಗಾದರೆ ಇಬ್ಬರೂ ಜಗಲಿಗೆ ಬಂದು ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಸಂಜೆ ಮತ್ತೊಂದು ಸುತ್ತು. ಅವರ ನಡುವಿನ ತಂತಿಗೆ ನನ್ನ ಯಂತ್ರ ಸಿಕ್ಕಿಸಿ ನೋಡಿದರೆ ದೀಪ ಮಿನುಗುತ್ತಲೇ ಇರಲಿಲ್ಲ, ನಿಂತು ಉರಿಯುತ್ತಿತ್ತು. ಇಡೀ ಊರಿನಲ್ಲಿ ಅಷ್ಟು ವೇಗದ ಲೈನ್ ಇರಲಿಲ್ಲ. "ತಂತಿಗೆ ಸಕ್ಕರೆಯೂ ಒಂದೇ, ಖಾರವೂ ಒಂದೇ ಕಣಮ್ಮ," ಎಂದರು ರುದ್ರಯ್ಯನವರು. "ಸಪ್ಪೆ ಆಗಬಾರದು, ಅಷ್ಟೆ."

ಸಂಬಳ ಕಡಿಮೆ ಇರಲಿಲ್ಲ, ಮರ್ಯಾದೆಯೂ ಇತ್ತು. ನಿವೃತ್ತರಾದ ಮೇಲೆ ರುದ್ರಯ್ಯನವರಿಗೆ ಕೆಲಸ ಇನ್ನೂ ಜಾಸ್ತಿಯೇ ಆಯಿತು, ಹೆಣ್ಣು ನೋಡುವುದಕ್ಕೆ, ಆಸ್ತಿ ಪಾಲು ಮಾಡುವುದಕ್ಕೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಆದರೆ ಈ ಕೆಲಸಕ್ಕೊಂದು ಕರಾರು ಉಂಟು. ಊರಿನ ಎಲ್ಲ ಬೀದಿಗಳ ತಂತಿಗಳೂ ಕೊನೆಗೆ ಅಡ್ಮಿನಿಸ್ಟ್ರೇಟರ್ ಮನೆಯ ಮಹಡಿಗೆ ಬಂದು ಸೇರುತ್ತವೆ. ಹಾಗಾಗಿ ಅಡ್ಮಿನಿಸ್ಟ್ರೇಟರ್ ಆದವರು ಯಾರ ಜೊತೆಗೂ ಮಾತು ಬಿಡುವ ಹಾಗಿಲ್ಲ. ಮುಖ ಊದಿಸಿಕೊಂಡು ಬಾಗಿಲು ಹಾಕಿಕೊಳ್ಳುವ ಸುಖ ಊರಿನ ಎಲ್ಲರಿಗೂ ಇದೆ, ನಮಗಿಲ್ಲ. ಅದು ಎಂಥ ಸುಖ ಎನ್ನುವುದು ಕಳೆದುಕೊಂಡವರಿಗೇ ಗೊತ್ತು.

ನಾಗವೇಣಿಯ ವಿಷಯಕ್ಕೆ ಬರುತ್ತೇನೆ. ಅವಳದು ನಮ್ಮ ಬೀದಿಯ ಕೊನೆಯ ಮನೆ, ಸರೋವರದ ಮೆಟ್ಟಿಲಿಗೆ ತಾಗಿಕೊಂಡಿದೆ, ನಮ್ಮ ಮನೆಗೆ ಎದುರು. ಆಚೆ ದಡದಿಂದ ನೀರಿನ ಅಡಿಯಲ್ಲಿ ಬರುವ ದಪ್ಪ ಲೈನು ಮೊದಲು ಅವಳ ಮಹಡಿಗೆ ಹತ್ತುತ್ತದೆ, ಅಲ್ಲಿಂದ ಬೀದಿ ದಾಟಿ ನನ್ನ ಮಹಡಿಗೆ ಬರುತ್ತದೆ, ನನ್ನಿಂದ ಊರಿಗೆಲ್ಲ. ಆಚೆ ದಡದ ಫೋನು ಕೂಡ ಆಗ ಅವಳ ಮನೆಯಲ್ಲೊಂದೇ ಇತ್ತು, ಅವಳ ಅಪ್ಪ ಹಾಕಿಸಿದ್ದು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಅವಳಿಗೆ ಗಣಿತ ಬರುತ್ತಿರಲಿಲ್ಲ, ನನಗೆ ಹೊಲಿಗೆ ಬರುತ್ತಿರಲಿಲ್ಲ, ಒಬ್ಬರದನ್ನು ಒಬ್ಬರು ಮಾಡಿ ಪಾಸಾದೆವು. ಮಹಡಿಯ ಮೇಲೆ ಮಲಗಿಕೊಂಡು ಕಾಣದ ದಡದಲ್ಲಿ ಏನೇನು ಇರಬಹುದು ಎಂದು ಹೇಳಿಕೊಳ್ಳುತ್ತಿದ್ದೆವು. ಅಲ್ಲಿ ದೊಡ್ಡ ದೊಡ್ಡ ತಣ್ಣನೆಯ ಕೋಣೆಗಳಲ್ಲಿ ಯಂತ್ರಗಳು ಸಾಲಾಗಿ ನಿಂತಿರುತ್ತವಂತೆ, ಅಲ್ಲಿನ ತಂತಿಗಳಿಗೆ ಯಾರು ಯಾರ ಜೊತೆ ಮಾತಾಡುತ್ತಾರೆ ಎಂಬುದು ಬೇಕಾಗಿಯೇ ಇಲ್ಲವಂತೆ. ನನಗೆ ಅದನ್ನು ನೋಡಬೇಕೆಂದು ಎಷ್ಟು ಆಸೆಯಿತ್ತೆಂದರೆ, ಓದು ಮುಗಿದ ಕೂಡಲೇ ಅಲ್ಲಿನ ಕಂಪನಿಯೊಂದಕ್ಕೆ ಅರ್ಜಿ ಹಾಕಿದೆ. ಆಯ್ಕೆಯಾದರೆ ಫೋನ್ ಮಾಡುತ್ತೇವೆ ಎಂದಿದ್ದರು. ನಾಗವೇಣಿಯ ಮನೆಯ ನಂಬರೇ ಕೊಟ್ಟಿದ್ದೆ, ಬೇರೆ ಯಾವುದು ಕೊಡಲಿ?

ಫೋನು ಬರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಅವಳ ಅಡುಗೆಮನೆಯಲ್ಲಿ ಕೂರುತ್ತಿದ್ದೆ. "ಬಂದಿಲ್ಲ ಕಣೆ," ಎಂದು ಅವಳು ದೋಸೆ ಹಾಕಿಕೊಡುತ್ತಿದ್ದಳು. ಮಳೆಗಾಲ ಕಳೆಯಿತು. ಅಷ್ಟರಲ್ಲಿ ರುದ್ರಯ್ಯನವರು ನಿವೃತ್ತರಾಗಿ ಅವರ ಜಾಗ ನನಗೆ ಸಿಕ್ಕಿತು, ನಾನು ಆಚೆ ದಡವನ್ನು ಮರೆತೆ. ಒಂದು ವರ್ಷವಾದ ಮೇಲೆ, ದಪ್ಪ ಲೈನಿನ ರಿಪೇರಿಗಾಗಿ ದೋಣಿಯಲ್ಲಿ ನಮ್ಮ ಮನೆಗೆ ಬಂದ ಆ ಕಂಪನಿಯ ಗುಮಾಸ್ತನೊಬ್ಬನ ಜೊತೆ ಮಾತಾಡಬೇಕಾಯಿತು. ನನ್ನ ಹೆಸರು ಕೇಳಿ ಅವನು ತಡೆದ. "ನೀವಾ ಮೇಡಂ? ನಿಮಗೆ ಎರಡು ಸಲ ಫೋನ್ ಮಾಡಿದ್ವಲ್ಲ. ನೀರು ದಾಟಿ ಬರೋಕೆ ಅವಳಿಗೆ ಇಷ್ಟ ಇಲ್ಲವಂತೆ ಅಂತ ಯಾರೋ ಹೆಂಗಸು ಹೇಳಿದ್ರು," ಎಂದ.

ಆ ಹೆಂಗಸು ಯಾರೆಂದು ಕೇಳಬೇಕಾಗಿರಲಿಲ್ಲ. ನಾನು ಇಕ್ಕಳವನ್ನು ಕೈಯಲ್ಲೇ ಹಿಡಿದುಕೊಂಡು ಬೀದಿ ದಾಟಿ ನಾಗವೇಣಿಯ ಗೇಟಿನ ಮುಂದೆ ನಿಂತೆ. ಅವಳು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು, ನನ್ನ ಮುಖ ನೋಡಿ ಅವಳ ಕೈ ನಿಂತಿತು. ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು. ಬಾಯಿ ತೆರೆದರೆ ಏನೇನು ಬರುತ್ತದೋ, ಬಂದ ಮೇಲೆ ಈ ಜನ್ಮದಲ್ಲಿ ಇವಳ ಮುಖ ನೋಡುವುದಿಲ್ಲ ಎನ್ನುವಲ್ಲಿಗೇ ಅದು ಮುಗಿಯುತ್ತದೆ ಎಂದು ನನಗೆ ಖಾತ್ರಿಯಿತ್ತು. ಹಾಗೆ ಮುಗಿದರೆ ನಮ್ಮಿಬ್ಬರ ನಡುವಿನ ತಂತಿ ಸಾಯುತ್ತದೆ, ಅದರ ಹಿಂದೆ ಊರಿಗೆ ಊರೇ. ಆ ಹೊತ್ತಿಗೆ ಆಸ್ಪತ್ರೆಯ ನರ್ಸು ಹೆರಿಗೆ ಕೋಣೆಯಲ್ಲಿ ಆಚೆ ದಡದ ಡಾಕ್ಟರನ್ನು ತೆರೆಯ ಮೇಲೆ ನೋಡುತ್ತಾ ಅವರು ಹೇಳಿದ ಹಾಗೆ ಮಾಡುತ್ತಿದ್ದಳು. ನಾನು ಹಲ್ಲು ಕಚ್ಚಿ, ಬಾಯಿಗೆ ಬಂದದ್ದನ್ನೆಲ್ಲ ನುಂಗಿ, "ತಿಂಡಿ ಆಯ್ತಾ?" ಎಂದೆ. "ಆಯ್ತು, ನಿಂದು?" ಎಂದಳು ನಾಗವೇಣಿ. "ಆಯ್ತು," ಎಂದು ವಾಪಸ್ ಬಂದೆ. ಲೈನು ಉಳಿಯಿತು.

ಮಾರನೆಯ ದಿನವೂ ಅಷ್ಟೇ. ಅದರ ಮಾರನೆಯ ದಿನವೂ. ತಿಂಡಿ ಆಯ್ತಾ, ಆಯ್ತು, ನಿಂದು, ಆಯ್ತು. ಪೂಜೆಗೆ ಗಂಟೆ ಬಾರಿಸುವ ಹಾಗೆ ಬೆಳಿಗ್ಗೆ ಗೇಟಿಗೆ ಹೋಗಿ ಹೇಳಿ ಬರುತ್ತಿದ್ದೆ. ಅವಳೂ ಅದೇ ಹೊತ್ತಿಗೆ ಗೇಟಿನ ಒಳಗೆ ಬಂದು ನಿಂತಿರುತ್ತಿದ್ದಳು. ವರ್ಷಗಳು ಹೋದವು. ಅವಳ ಅಪ್ಪ ಹೋದರು, ನನ್ನ ಕೂದಲು ಕಿವಿಯ ಹತ್ತಿರ ಬೆಳ್ಳಗಾಯಿತು, ಆಸ್ಪತ್ರೆಗೂ ಕಚೇರಿಗೂ ಬೇರೆ ಫೋನುಗಳು ಬಂದವು. ಊರಿನ ಎಲ್ಲರ ಮುನಿಸನ್ನೂ ಬಿಡಿಸಿದವಳು ನನ್ನದನ್ನು ಮಾತ್ರ ಎದೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಯಾರಿಗೂ ಹೇಳಲಿಲ್ಲ. ಅವಳ ಮೇಲೆ ನನಗೆ ಕೋಪವಿತ್ತು, ಕೋಪಕ್ಕಿಂತ ಹೆಚ್ಚಾಗಿ ಅವಳಿಲ್ಲದೆ ಬೇಜಾರಾಗುತ್ತಿತ್ತು. ದಿನಾ ನೋಡುವವರ ಬಗ್ಗೆ ಹಾಗೆ ಬೇಜಾರಾಗುವುದು ಬಹಳ ಕಷ್ಟ.

ಈ ನಡುವೆ ಊರಿನ ನೆಟ್‌ವರ್ಕ್ ನಿಧಾನವಾಗುತ್ತಾ ಬಂತು. ಒಂದೇ ಸಲ ಆದದ್ದಲ್ಲ, ಹಾಗಾಗಿ ಜನ ಅದಕ್ಕೆ ಒಗ್ಗಿಕೊಂಡರು. ಆಚೆ ದಡದಿಂದ ಬರುವ ಫೋಟೋಗಳು ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿದ್ದವು. ಗಂಡಿನ ಫೋಟೋ ಬೆಳಿಗ್ಗೆ ಹಣೆಯಿಂದ ಶುರುವಾದರೆ ಮಧ್ಯಾಹ್ನಕ್ಕೆ ಕಣ್ಣು, ಸಂಜೆಗೆ ಮೀಸೆ. ಹುಡುಗಿಯರು ಕಣ್ಣು ನೋಡಿಯೇ ಒಪ್ಪಿಬಿಡುತ್ತಿದ್ದರು, ಗಲ್ಲ ಬರುವಷ್ಟರಲ್ಲಿ ಮನೆಯಲ್ಲಿ ಸಿಹಿ ಹಂಚಿ ಆಗಿರುತ್ತಿತ್ತು. ದೂರದ ಮಕ್ಕಳ ಧ್ವನಿ ಬಾಯಿ ಮುಚ್ಚಿದ ಮೇಲೆ ಕೇಳಿಸುತ್ತಿತ್ತು. ಹೀಗೆ ತಡವಾಗಿ ಬಂದ ನಗುವನ್ನು ಕಾದು ಕೂತು ಕೇಳುವುದು ಊರಿನಲ್ಲೊಂದು ಅಭ್ಯಾಸವಾಯಿತು. ನಾನಂತೂ ತಂತಿ ಬದಲಾಯಿಸಿದೆ, ಪೆಟ್ಟಿಗೆ ಬದಲಾಯಿಸಿದೆ, ಗೂಡು ಕಟ್ಟಿದ ಕಣಜಗಳನ್ನು ಓಡಿಸಿದೆ. ಆಚೆ ದಡದವರನ್ನು ದೂರಿದೆ. ಬೇರೆಯವರ ಮನೆಯದಾಗಿದ್ದರೆ ಒಂದೇ ನೋಟಕ್ಕೆ ಕಾರಣ ಹೇಳಿಬಿಡುತ್ತಿದ್ದೆ. ರುದ್ರಯ್ಯನವರು ಒಂದು ಸಲ ನಮ್ಮ ಮಹಡಿಗೆ ಬಂದು ಆ ತಂತಿಯನ್ನೇ ಬಹಳ ಹೊತ್ತು ನೋಡಿದರು. "ಸಪ್ಪೆ ಆಗಿದೆಯಲ್ಲಮ್ಮ," ಎಂದರು. ಗಾಳಿಗೆ ಇರಬೇಕು ಎಂದೆ ನಾನು.

ಕೊನೆಗೆ ಮೇಲಿನ ಕಚೇರಿಯವರ ತಾಳ್ಮೆ ಮುಗಿಯಿತು. ಧರಣೇಂದ್ರ ಎಂಬ ಅಧಿಕಾರಿ ದೋಣಿಯಲ್ಲಿ ಬಂದಿಳಿದರು. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ, ಕೈಯಲ್ಲಿ ವೇಗ ಅಳೆಯುವ ಪೆಟ್ಟಿಗೆ. ಗುಡ್ಡದ ಮೇಲೊಂದು ಟವರ್ ನಿಲ್ಲಿಸುವ ಯೋಜನೆ ಅವರದು. ಟವರ್ ಬಂದರೆ ತಂತಿಯೇ ಬೇಡ, ಗಾಳಿಯಲ್ಲೇ ಎಲ್ಲರಿಗೂ ಸಿಗುತ್ತದೆ, ಯಾರು ಯಾರ ಜೊತೆ ಮಾತಾಡಿದರೂ ಬಿಟ್ಟರೂ ಅದಕ್ಕೆ ಸಂಬಂಧವಿಲ್ಲ. "ನಾಳೆ ಮಧ್ಯಾಹ್ನದ ದೋಣಿಯ ತನಕ ಅಳೀತೀನಿ ಮೇಡಂ. ಲೈನ್ ಇಷ್ಟೇ ನಿಧಾನ ಇದ್ರೆ ಟವರ್‌ಗೆ ಒಪ್ಪಿಗೆ ಕೊಡಬೇಕಾಗುತ್ತೆ," ಎಂದರು. ನನ್ನ ಕೆಲಸ ಏನಾಗುತ್ತದೆ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, ಕಚೇರಿಯ ಕೌಂಟರಿನಲ್ಲಿ ರೀಚಾರ್ಜ್ ಮಾಡಿಕೊಡುವ ಒಂದು ಜಾಗ ಖಾಲಿ ಇದೆ ಎಂದರು. ಬೇಜಾರಿನಿಂದಲೇ ಹೇಳಿದರು, ಅದರಲ್ಲಿ ಸುಳ್ಳಿರಲಿಲ್ಲ.

ಅವತ್ತು ಮಲಗಿದಾಗ ನನಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಟವರ್ ಬಂದರೆ ಆಮೇಲೆ ನಾಗವೇಣಿಯ ಗೇಟಿಗೆ ಹೋಗಬೇಕಾಗಿಲ್ಲ. ಬಾಗಿಲು ಹಾಕಿಕೊಂಡು, ಮುಖ ಊದಿಸಿಕೊಂಡು, ಮನಸಾರೆ ಮಾತು ಬಿಡಬಹುದು. ಇಷ್ಟು ವರ್ಷ ಕಾದ ಸುಖ. ಆ ಯೋಚನೆಯಿಂದ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಕೌಂಟರಿನ ಹಿಂದೆ ಕೂತ ನಾನು, ಗೇಟಿನ ಹಿಂದೆ ನಿಂತ ಅವಳು, ನಡುವೆ ಬೀದಿಯ ಮೇಲೆ ಏನೂ ಇಲ್ಲದ ಆಕಾಶ, ಅದನ್ನೇ ನೋಡುತ್ತಾ ನಿದ್ದೆ ಹೋದೆ. ಈ ಕೆಲಸ ನನಗೆ ಇಷ್ಟು ಬೇಕು ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಮಂಜು ಎಂದಿಗಿಂತ ದಟ್ಟವಾಗಿತ್ತು. ಧರಣೇಂದ್ರ ನಮ್ಮ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು, ಪೆಟ್ಟಿಗೆಯನ್ನು ತಂತಿಗೆ ಸಿಕ್ಕಿಸಿ, ಅದರ ಮುಳ್ಳನ್ನು ನೋಡುತ್ತಾ ಕೂತಿದ್ದರು. ಮುಳ್ಳು ಏಳಲಾರದ ರೋಗಿಯ ಹಾಗೆ ತಳದಲ್ಲೇ ಬಿದ್ದಿತ್ತು. ನಾನು ರೂಢಿಯ ಹಾಗೆ ಬೀದಿ ದಾಟಿ ಹೋದೆ. ನಾಗವೇಣಿ ಗೇಟಿನ ಒಳಗೆ ನಿಂತಿದ್ದಳು. "ತಿಂಡಿ ಆಯ್ತಾ?" ಎಂದೆ.

"ಆಗ್ಲಿಲ್ಲ," ಎಂದಳು.

ನನಗೆ ದಿಕ್ಕು ತಪ್ಪಿದ ಹಾಗಾಯಿತು. ಆಗ್ಲಿಲ್ಲ ಎಂಬ ಮಾತಿಗೆ ಮುಂದೇನು ಹೇಳಬೇಕೆಂದು ನನ್ನ ಬಾಯಿಗೆ ಅಭ್ಯಾಸವೇ ಇರಲಿಲ್ಲ. "ಯಾಕೆ?" ಎಂದೆ. "ನಿನ್ನ ಕೆಲಸ ಹೋಗುತ್ತಂತಲ್ಲ. ಬೆಳಿಗ್ಗೆಯಿಂದ ಗಂಟಲಲ್ಲಿ ಏನೂ ಇಳೀತಿಲ್ಲ," ಎಂದಳು ಅವಳು, ಗೇಟಿನ ಚಿಲಕವನ್ನು ನೋಡುತ್ತಾ.

"ನನ್ನ ಕೆಲಸದ ಚಿಂತೆ ಈಗ ಬಂತಾ ನಿನಗೆ?" ಎಂದೆ. ಧ್ವನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. "ಅವತ್ತು ಫೋನ್ ಬಂದಾಗ ಎಲ್ಲಿ ಹೋಗಿತ್ತು ಈ ಚಿಂತೆ? ಎರಡು ಸಲ ಮಾಡಿದ್ರಂತಲ್ಲೇ ಅವರು. ಅವಳಿಗೆ ಇಷ್ಟ ಇಲ್ಲ ಅಂತ ಹೇಳೋಕೆ ನೀನು ಯಾರೆ? ನನ್ನ ಇಷ್ಟ ನಿನ್ನ ಮನೆ ಬೀರುನಲ್ಲಿ ಇಟ್ಟಿದ್ನಾ? ದಿನಾ ಬಂದು ನಿನ್ನ ಒಲೆ ಮುಂದೆ ಕೂರ್ತಿದ್ದೆ, ಬಂದಿಲ್ಲ ಕಣೆ ಅಂತ ದೋಸೆ ಹಾಕಿಕೊಟ್ಯಲ್ಲ, ಆ ದೋಸೆ ಹೇಗೆ ಮಗುಚಿದೆ ನೀನು? ಕೈ ನಡುಗಲಿಲ್ವಾ?"

ನಮ್ಮ ತಲೆಯ ಮೇಲೆ ತಂತಿ ಗುಂಯ್ ಎಂದಿತು. ಸಾಲಾಗಿ ಕೂತಿದ್ದ ಗುಬ್ಬಚ್ಚಿಗಳು ಒಟ್ಟಿಗೆ ಎದ್ದು ಹೋದವು.

"ನಡುಗಿತ್ತು," ಎಂದಳು ನಾಗವೇಣಿ. "ದಿನಾ ಒಂದು ದೋಸೆ ಹರೀತಿತ್ತು, ಹರಿದದ್ದು ನಾನು ತಿಂತಿದ್ದೆ. ಹೌದು, ನಾನೇ ಹೇಳಿದ್ದು. ನೀನು ಹೋಗಿಬಿಡ್ತಿದ್ದೆ. ಆ ಗುಮಾಸ್ತ ಮೊದಲನೇ ಸಲ ಮಾಡಿದಾಗ ನಿನ್ನ ಕರೀಬೇಕು ಅಂತ ಬಾಗಿಲ ತನಕ ಬಂದೆ. ನೀನು ನಿಮ್ಮ ಮಹಡಿ ಮೇಲೆ ತಲೆಗೂದಲು ಒಣಗಿಸ್ಕೊಂಡು ಹಾಡು ಹೇಳ್ಕೊಂಡಿದ್ದೆ. ನನಗೆ ಕರೆಯೋಕೆ ಆಗ್ಲಿಲ್ಲ. ತಪ್ಪು. ತಪ್ಪೇ. ಅದನ್ನ ಹೇಳಿಬಿಡಬೇಕು ಅಂತ ಅವತ್ತಿಂದ ದಿನಾ ಈ ಗೇಟಲ್ಲಿ ನಿಲ್ತೀನಿ. ನೀನು ಬರ್ತೀಯ, ತಿಂಡಿ ಆಯ್ತಾ ಅಂತೀಯ, ಬೆನ್ನು ತೋರಿಸಿ ಹೋಗ್ತೀಯ. ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ, ಏನ್ ತಿಂಡಿ ಅಂತ ಕೇಳಿದ್ದೀಯಾ?"

ನಾನು ಏನು ಹೇಳಿದೆನೋ, ಅವಳು ಏನು ಹೇಳಿದಳೋ, ಅದೆಲ್ಲ ಬರೆಯುವಂಥದ್ದಲ್ಲ. ಎರಡನೇ ತರಗತಿಯಲ್ಲಿ ಮುರಿದ ಬಳಪದಿಂದ ಹಿಡಿದು ಅವಳ ಅಪ್ಪ ತೀರಿಕೊಂಡಾಗ ನಾನು ಹೊಸ್ತಿಲಿನಲ್ಲೇ ನಿಂತು ಬಂದದ್ದರವರೆಗೆ ಎಲ್ಲ ಹೊರಗೆ ಬಂತು. ಇಬ್ಬರೂ ಅಳುತ್ತಲೇ ಬೈದುಕೊಂಡೆವು. ತಂತಿಯ ಇಬ್ಬನಿ ಇಬ್ಬರ ತಲೆಯ ಮೇಲೂ ಸುರಿಯುತ್ತಿತ್ತು, ಮಂಜಿನೊಳಗೆ ಆ ತಂತಿಯೊಂದೇ ತೆಳುವಾದ ಹೊಂಬಣ್ಣಕ್ಕೆ ತಿರುಗಿತ್ತು. ಮೇಲಿನ ಬೀದಿಗಳಲ್ಲಿ ಒಂದೊಂದೇ ಬಾಗಿಲು ತೆರೆದವು. ಫೋಟೋಗಳು ಹಣೆಯಿಂದ ಪಾದದವರೆಗೆ ಒಂದೇ ಉಸಿರಿಗೆ ಬರತೊಡಗಿದ್ದವಂತೆ. ವರ್ಷಗಳ ಹಿಂದೆ ದಾರಿಯಲ್ಲಿ ಸಿಕ್ಕಿಕೊಂಡಿದ್ದ ನಗುಗಳು ಕೂಡ ಮನೆಮನೆಯಲ್ಲಿ ಬಂದು ತಲುಪಿದವಂತೆ, ಇಡೀ ಊರಿನಲ್ಲಿ ದೂರದವರ ನಗು ಕೇಳುತ್ತಿತ್ತು. ಜನ ಬಂದು ಬೀದಿಯ ತುದಿಯಲ್ಲಿ ನಿಂತರು. ಯಾರೋ ನಮ್ಮನ್ನು ಬಿಡಿಸಲು ಮುಂದೆ ಬಂದರೆ ಕೆಂಚಪ್ಪ ಮೇಷ್ಟ್ರು ಕೈ ಅಡ್ಡ ಹಿಡಿದು ತಡೆದರು. ಪುಟ್ಟಗೌರಮ್ಮ ಮಾತ್ರ ಹತ್ತಿರ ಬಂದು ಸಂಕೋಚದಿಂದ, "ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಿ ತಾಯಿ, ನನ್ನ ಮೊಮ್ಮಗನ ವಿಡಿಯೋ ಮುಕ್ಕಾಲು ಬಂದಿದೆ," ಎಂದರು.

ಅದಕ್ಕೆ ನಾಗವೇಣಿಗೆ ನಗು ಬಂತು. ನನಗೂ ಬಂತು, ಬರಬಾರದಿತ್ತು ಎಂದು ಸಿಟ್ಟೂ ಬಂತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಮಹಡಿಗೆ ಹತ್ತಿ ಹೋದೆ. ಅವಳನ್ನು ಕ್ಷಮಿಸಿದೆನೇ ಎಂದು ಕೇಳಬೇಡಿ, ಆಗ ಅದು ನನಗೂ ತಿಳಿದಿರಲಿಲ್ಲ.

ಧರಣೇಂದ್ರ ಪೆಟ್ಟಿಗೆಯನ್ನು ತಟ್ಟಿ ತಟ್ಟಿ ನೋಡುತ್ತಿದ್ದರು. ಮುಳ್ಳು ಕೊನೆಯ ಅಂಕಿಗೆ ಹೋಗಿ ಒತ್ತಿಕೊಂಡು ನಿಂತಿತ್ತು. "ಟವರ್‌ನಿಂದ ಇದರಲ್ಲಿ ಅರ್ಧವೂ ಬರಲ್ಲ ಮೇಡಂ," ಎಂದರು. ಆಮೇಲೆ ಕೆಳಗೆ ಬೀದಿಯ ಕಡೆ ನೋಡಿದರು, ತಂತಿಯ ಕಡೆ ನೋಡಿದರು, ನನ್ನ ಕೆಂಪಾದ ಕಣ್ಣು ನೋಡಿದರು. ಏನೋ ಕೇಳಬೇಕೆಂದು ಬಾಯಿ ತೆರೆದವರು ಕೇಳದೆ ಕನ್ನಡಕ ಒರೆಸಿಕೊಂಡರು. ಒಳ್ಳೆಯ ಮನುಷ್ಯ. ಮಧ್ಯಾಹ್ನದ ದೋಣಿ ಹತ್ತುವಾಗ, ಟವರ್ ಬೇರೆ ಊರಿಗೆ ಹೋಗುತ್ತದೆ ಎಂದರು. ಒಂದು ಕಾಲು ದೋಣಿಯಲ್ಲಿಟ್ಟು ತಡೆದು, "ಲೈನ್ ಅನ್ನು ಹೀಗೆ ಎಬ್ಬಿಸೋರು ನಮ್ಮ ಕಡೆ ಇಲ್ಲ. ಆಚೆ ದಡದಲ್ಲಿ ನಿಮಗೆ ದೊಡ್ಡ ಜಾಗವೇ ಇದೆ. ಮೇಲಿನವರಿಗೆ ಹೇಳಿ ಫೋನ್ ಮಾಡಿಸ್ತೀನಿ. ಕಚೇರಿ ನಂಬರಿಗೇ ಮಾಡಿಸಲಾ?" ಎಂದು ಕೇಳಿದರು.

ದೋಣಿಯವನು ಹುಟ್ಟು ಹಿಡಿದು ಕಾಯುತ್ತಿದ್ದ. ಕಚೇರಿಯ ಫೋನು ನನ್ನ ಮೇಜಿನ ಮೇಲೇ ಇರುತ್ತದೆ, ಕೈ ಚಾಚಿದರೆ ಸಿಗುತ್ತದೆ. "ಬೇಡ," ಎಂದೆ. ನಾಗವೇಣಿಯ ಮನೆಯ ನಂಬರು ಕೊಟ್ಟೆ. ಅವಳ ಮೇಲೆ ನಂಬಿಕೆ ಬಂದು ಕೊಟ್ಟದ್ದಲ್ಲ. ಕೊಡದಿದ್ದರೆ ಜೀವಮಾನವೆಲ್ಲ ಆ ಗೇಟಿನ ಮುಂದೆಯೇ ನಿಂತಿರುತ್ತೇನೆ ಎನಿಸಿತು, ಅಷ್ಟೆ. ಸಂಜೆ ಗೇಟಿಗೆ ಹೋಗಿ ಅವಳಿಗೆ ಹೇಳಿದೆ, "ನನಗೊಂದು ಫೋನ್ ಬರುತ್ತೆ." ಅವಳ ಮುಖ ಬಿಳಿಚಿಕೊಂಡಿತು. ಸರಿ ಎಂದಳೋ ಇಲ್ಲವೋ ಕೇಳಿಸಲಿಲ್ಲ.

ಆಮೇಲಿನ ದಿನಗಳಲ್ಲಿ ನಮಗಿಬ್ಬರಿಗೂ ಏನು ಮಾತಾಡಬೇಕೆಂದೇ ತೋಚುತ್ತಿರಲಿಲ್ಲ. ತಿಂಡಿ ಆಯ್ತಾ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಆದರೆ ಜಗಳದಲ್ಲಿ ಹೇಳದೆ ಬಿಟ್ಟುಹೋದ ಒಂದೊಂದು ಮಾತು ಇಬ್ಬರಿಗೂ ಆಗಾಗ ನೆನಪಾಗುತ್ತಿತ್ತು. ಅವಳು ಅಡುಗೆಮನೆ ಕಿಟಕಿಯಿಂದ, "ಮತ್ತೆ ಅವತ್ತು ನನ್ನ ಹಸಿರು ಕುಪ್ಪಸ ಚೆನ್ನಾಗಿಲ್ಲ ಅಂದಿದ್ದೆಯಲ್ಲ," ಎಂದು ಕೂಗುತ್ತಿದ್ದಳು. ಚೆನ್ನಾಗಿರಲಿಲ್ಲ ಎಂದು ನಾನು ಮಹಡಿಯಿಂದ ಕೂಗುತ್ತಿದ್ದೆ. ಲೈನು ಓಡುತ್ತಿತ್ತು, ಗುಬ್ಬಚ್ಚಿಗಳು ಬೇರೆ ತಂತಿ ನೋಡಿಕೊಂಡವು. ಫೋನು ಮಾತ್ರ ಬರಲಿಲ್ಲ. ಬಂದಿಲ್ಲವೋ, ಬಂದು ಹೋಯಿತೋ ಎಂಬ ಹುಳ ಒಳಗೆ ಕೊರೆಯುತ್ತಲೇ ಇತ್ತು. ಕೇಳಬಾರದೆಂದು ಹಟ ಹಿಡಿದು ಕೇಳದೇ ಇದ್ದೆ.

ಒಂದು ದಿನ ಬೆಳಿಗ್ಗೆ ನಾನು ನಮ್ಮ ಮನೆಯ ಗೋಡೆಗೆ ಒರಗಿಸಿದ ಏಣಿಯ ಮೇಲಿದ್ದೆ. ಮಂಜು ಏಣಿಯ ನಡುವಿನ ತನಕ ಏರಿತ್ತು, ಕೆಳಗೆ ಬೀದಿ ಕಾಣುತ್ತಿರಲಿಲ್ಲ. ನಾಗವೇಣಿಯ ಮನೆಯೊಳಗೆ ಫೋನು ಹೊಡೆದುಕೊಂಡಿತು. ಫೋನು ಬಡಿಯುತ್ತಾ ಬಡಿಯುತ್ತಾ ನಿಂತುಹೋಯಿತು. ಅವಳು ಎತ್ತಿದಳು ಎಂದುಕೊಂಡೆ. ಈಗ ಮಾತಾಡುತ್ತಿದ್ದಾಳೆ. ಈಗ ಏನೋ ಹೇಳುತ್ತಿದ್ದಾಳೆ. ನಾನು ಇಕ್ಕಳವನ್ನು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತೆ. ಇಳಿದು ಓಡಬಹುದಿತ್ತು, ಓಡಲಿಲ್ಲ. ಹೊತ್ತು ಕಳೆಯಿತು. ಕೆಳಗಿನ ಬಿಳಿಯಲ್ಲಿ ಯಾವ ಸದ್ದೂ ಇಲ್ಲ. ಆಗಲಿ, ಇವಳು ಇಷ್ಟೇ ಎಂದುಕೊಂಡೆ.

ಏಣಿ ಅಲುಗಿತು, ಹತ್ತಿ ಬರುತ್ತಿದ್ದ ಅವಳ ತಲೆ ಮೊದಲು ಮಂಜಿನಿಂದ ಹೊರಬಂತು. ಮೊಣಕೈವರೆಗೆ ಹಿಟ್ಟು, ಒಂದೇ ಕಾಲಿಗೆ ಚಪ್ಪಲಿ, ಉಬ್ಬಸ. "ಗೇಟಿನ ಚಿಲಕ ಸಿಕ್ಕಿಹಾಕ್ಕೊಂಡಿತ್ತು ಕಣೆ, ಕಾಂಪೌಂಡ್ ಹಾರಿ ಬಂದೆ," ಎಂದಳು. "ಅವರಿಗೆ ಇಡಬೇಡಿ ಅಂತ ಹೇಳಿ ಬಂದಿದ್ದೀನಿ. ಬೇಗ ಬಾ."

ಅವಳ ಅಡುಗೆಮನೆಗೆ ನಾನು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಫೋನಿನ ಹಿಡಿಕೆಗೆಲ್ಲ ಹಿಟ್ಟು ಮೆತ್ತಿತ್ತು. ಆ ಕಡೆಯವರು ನಿಧಾನವಾಗಿ ಎಲ್ಲ ಹೇಳಿದರು. ತಣ್ಣನೆಯ ದೊಡ್ಡ ಕೋಣೆ, ಸಾಲು ಸಾಲು ಯಂತ್ರ, ಕೈಕೆಳಗೆ ಇಷ್ಟು ಜನ, ನೀರಿಗೆ ಎದುರಾದ ಮನೆ. ನಾನು ಗೋಡೆಗೆ ಒರಗಿಕೊಂಡು ಒಂದೊಂದನ್ನೂ ಎರಡೆರಡು ಸಲ ಕೇಳಿದೆ, ಗೊತ್ತಾದದ್ದನ್ನೂ ಕೇಳಿದೆ. ಈ ಮಾತುಗಳು ನನಗೆ ಬರಬೇಕಾದವು, ಇಷ್ಟು ವರ್ಷ ದಾರಿಯಲ್ಲಿದ್ದು ಈಗ ಬಂದು ತಲುಪಿವೆ ಎನಿಸಿತು. "ಯೋಚನೆ ಮಾಡಿ ಹೇಳ್ತೀನಿ. ನಾಳೆ ಇದೇ ಹೊತ್ತಿಗೆ, ಇದೇ ನಂಬರಿಗೆ ಮಾಡಿ," ಎಂದೆ. ಯೋಚನೆ ಮಾಡಿ ಹೇಳುತ್ತೇನೆ ಎನ್ನುವ ಮಾತು ಇಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾಗವೇಣಿ ನನಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ಕಾವಲಿಯಿಂದ ಹೊಗೆ ಏಳುತ್ತಿತ್ತು, ಅವಳು ನೋಡುತ್ತಿರಲಿಲ್ಲ. "ಏನಂದ್ರು?" ಎಂದಳು, ತಿರುಗದೆಯೇ.

"ನಾಳೆ ಮತ್ತೆ ಮಾಡ್ತಾರೆ. ನೀನೇ ಎತ್ತಬೇಕು."

"ಎತ್ತಿ ಏನ್ ಹೇಳ್ಲಿ?"

"ಏನೂ ಹೇಳ್ಬೇಡ. ನನ್ನ ಕರಿ."

ಅವಳು ತಲೆಯಾಡಿಸಿದಳು. ನಾನು ಮಣೆ ಎಳೆದುಕೊಂಡು ಮೊದಲು ಕೂರುತ್ತಿದ್ದ ಜಾಗದಲ್ಲೇ ಒಲೆಯ ಪಕ್ಕ ಕೂತೆ. ವಾಸನೆಯಲ್ಲೇ ಗೊತ್ತಾಗಿತ್ತು, ಆದರೂ ಕೇಳಿದೆ, "ಏನ್ ತಿಂಡಿ ಇವತ್ತು?"

"ಹೆಸರುಬೇಳೆ ದೋಸೆ," ಎಂದಳು ನಾಗವೇಣಿ. "ಒಂದು ಸೀದುಹೋಯ್ತು. ಅದು ನನಗಿರಲಿ."